ಕಿರಿಯರ ಫುಟ್‌ಬಾಲ್: ವಯಸ್ಸು, ಆಯ್ಕೆ, ಹೊಣೆ



ಹದಿನಾರು, ಹದಿನೇಳರ ಹುಡುಗರ ತಂಡವೊಂದು ದೇಶದ ಬಾವುಟ ಹೊತ್ತು ಅಂತರರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಗೆ ಹೊರಟಾಗ ಅದರ ಬೆನ್ನಿಗೇ ಹೊರಡುವ ವಿವಾದಗಳು ಇಂದಿನ ಉಪನ್ಯಾಸದ ವಿಷಯ. ಆಟಗಾರರ ನಿಜವಾದ ವಯಸ್ಸೆಷ್ಟು, ಅವರನ್ನು ಆರಿಸಿದವರು ಯಾರು, ಯಾವ ಕ್ಲಬ್ಬು ಯಾರನ್ನು ಬಿಟ್ಟುಕೊಡಲಿಲ್ಲ, ಯಾವ ಸರ್ಕಾರ ಯಾವ ತಂಡವನ್ನು ತನ್ನ ನೆಲಕ್ಕೆ ಬಿಟ್ಟುಕೊಳ್ಳಲಿಲ್ಲ, ಹೀಗೆ ಪ್ರಶ್ನೆಗಳು ನಾನಾ ಬಗೆಯವು. ಪತ್ರಿಕೆಗಳ ಕ್ರೀಡಾಪುಟದಲ್ಲಿ ಇವು ಬಿಡಿ ಬಿಡಿ ಸುದ್ದಿಗಳಾಗಿ ಬಂದು ಹೋಗುತ್ತವೆ. ಒಟ್ಟಿಗಿಟ್ಟು ನೋಡಿದರೆ ಇವೆಲ್ಲಕ್ಕೂ ಬೇರು ಒಂದೇ ಎಂಬುದು ನನ್ನ ವಾದ. ಮಕ್ಕಳ ಕಲಿಕೆಗೆಂದು ಏರ್ಪಟ್ಟ ಟೂರ್ನಿಯನ್ನು ದೊಡ್ಡವರು ತಮ್ಮ ಗೆಲುವಿನ ಲೆಕ್ಕಕ್ಕೆ ಸೇರಿಸಿಕೊಂಡಾಗ ಈ ವಿವಾದಗಳು ಹುಟ್ಟುತ್ತವೆ. ಆದ್ದರಿಂದ ಹೊಣೆ ದೊಡ್ಡವರದಾಗಬೇಕು, ಶಿಕ್ಷೆಯೂ ಮೊದಲು ಅವರಿಗೇ ತಟ್ಟಬೇಕು. ಆಯ್ಕೆಯಿರಲಿ, ಪರೀಕ್ಷೆಯಿರಲಿ, ಪ್ರವಾಸವಿರಲಿ, ಆಡುವ ಮಗುವಿನ ಹಿತವೇ ಮೊದಲ ಅಳತೆಗೋಲಾಗಬೇಕು.

ವಿಷಯವನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲನೆಯದು ವಯಸ್ಸಿನ ಸುಳ್ಳು ಮತ್ತು ಅದಕ್ಕೆ ವಿಧಿಸಿದ ಶಿಕ್ಷೆ. ಎರಡನೆಯದು ವಯಸ್ಸನ್ನು ಪತ್ತೆ ಮಾಡುವ ವಿಧಾನ ಮತ್ತು ಅದರ ಮಿತಿ. ಮೂರನೆಯದು ಆಯ್ಕೆ, ಯಾರೂ ಸುಳ್ಳು ಹೇಳದಿದ್ದಾಗಲೂ ಅಲ್ಲಿ ನಡೆದುಹೋಗುವ ಅನ್ಯಾಯ. ನಾಲ್ಕನೆಯದು, ಆಟಗಾರನ ಮೇಲೆ ದೇಶಕ್ಕೂ ಕ್ಲಬ್ಬಿಗೂ ಸರ್ಕಾರಕ್ಕೂ ಇರುವ ಹಕ್ಕಿನ ಪ್ರಶ್ನೆ. ಎದುರುವಾದಗಳನ್ನು ಆಯಾ ಜಾಗದಲ್ಲೇ ಎತ್ತಿಕೊಂಡು, ಕೊನೆಯಲ್ಲಿ ಆಗಬೇಕಾದ ಕೆಲಸಗಳನ್ನು ಹೇಳುತ್ತೇನೆ.

ಮೊದಲಿಗೆ ಸ್ವಲ್ಪ ಹಿನ್ನೆಲೆ. ಕಿರಿಯರ ವಿಶ್ವ ಟೂರ್ನಿಗಳಿಗೆ ಇನ್ನೂ ಐವತ್ತು ವರ್ಷ ತುಂಬಿಲ್ಲ. ಬ್ರೆಜಿಲ್‌ನ ಜೋವಾವ್ ಹ್ಯಾವಲಾಂಜ್ ಫಿಫಾ ಅಧ್ಯಕ್ಷರಾದ ಮೇಲೆ, 1977ರಲ್ಲಿ, ಟ್ಯುನೀಷಿಯಾದಲ್ಲಿ ಮೊದಲ ವಿಶ್ವ ಯುವ ಚಾಂಪಿಯನ್‌ಷಿಪ್ ನಡೆಯಿತು. ಇಂದಿನ 20 ವರ್ಷದೊಳಗಿನವರ ವಿಶ್ವಕಪ್ ಅದರ ಮುಂದುವರಿಕೆ. 1985ರಲ್ಲಿ ಚೀನಾದಲ್ಲಿ 16 ವರ್ಷದೊಳಗಿನವರ ಟೂರ್ನಿ ಆರಂಭವಾಗಿ ನೈಜೀರಿಯಾ ಗೆದ್ದಿತು. 1991ರಿಂದ ಈ ವಯೋಮಿತಿ 17ಕ್ಕೆ ಏರಿತು. ಹಿರಿಯರ ವಿಶ್ವಕಪ್ಪಿನಲ್ಲಿ ಅವಕಾಶ ಸಿಗದ ಆಫ್ರಿಕಾ, ಏಷ್ಯಾ ಖಂಡಗಳ ದೇಶಗಳಿಗೆ ದೊಡ್ಡ ಮೈದಾನದ ಅನುಭವ ಕೊಡುವುದು ಈ ಟೂರ್ನಿಗಳ ಒಂದು ಮುಖ್ಯ ಆಶಯವಾಗಿತ್ತು. ಆಶಯ ದೊಡ್ಡದೇ. ಆದರೆ ವಯಸ್ಸಿನ ಗೆರೆ ಎಳೆದ ಕೂಡಲೇ ಆ ಗೆರೆಯನ್ನು ದಾಟುವ ಆಸೆಯೂ ಹುಟ್ಟಿತು. ಹದಿನಾರರ ಹುಡುಗನಿಗೂ ಹತ್ತೊಂಬತ್ತರವನಿಗೂ ಎತ್ತರದಲ್ಲಿ, ತೂಕದಲ್ಲಿ, ಓಟದ ವೇಗದಲ್ಲಿ, ಢಿಕ್ಕಿ ತಾಳುವ ಬಲದಲ್ಲಿ ಇರುವ ಅಂತರ ಒಂದೇ ಪಂದ್ಯದಲ್ಲಿ ಎದ್ದು ಕಾಣುವಂಥದ್ದು.

ಈಗ ಮೊದಲ ಭಾಗಕ್ಕೆ ಬರುತ್ತೇನೆ. ವಯೋವಂಚನೆಯ ಚರಿತ್ರೆಯಲ್ಲಿ ಎಲ್ಲರೂ ಓದಬೇಕಾದ ಅಧ್ಯಾಯ ಮೆಕ್ಸಿಕೋದ್ದು. 1988ರ ಏಪ್ರಿಲ್‌ನಲ್ಲಿ ಗ್ವಾಟೆಮಾಲಾದಲ್ಲಿ 20 ವರ್ಷದೊಳಗಿನವರ ಅರ್ಹತಾ ಟೂರ್ನಿ ನಡೆಯಿತು. ಮೆಕ್ಸಿಕೋ ಅಲ್ಲಿಗೆ ಕಳುಹಿಸಿದ ತಂಡದಲ್ಲಿ ಕನಿಷ್ಠ ನಾಲ್ವರು ವಯೋಮಿತಿ ಮೀರಿದವರಿದ್ದರು. ಗುಟ್ಟು ಬಿಚ್ಚಿಕೊಂಡದ್ದು ಹೊರಗಿನವರ ಪತ್ತೇದಾರಿಕೆಯಿಂದಲ್ಲ. ಆ ದೇಶದ ಫೆಡರೇಶನ್ನೇ ಅಚ್ಚು ಹಾಕಿಸಿದ್ದ ವಾರ್ಷಿಕ ಪುಸ್ತಕದಲ್ಲಿ ಆ ಆಟಗಾರರ ಜನ್ಮ ವರ್ಷ ಒಂದಿತ್ತು, ಟೂರ್ನಿಗೆ ಕೊಟ್ಟ ಪಟ್ಟಿಯಲ್ಲಿ ಇನ್ನೊಂದಿತ್ತು. ಮೆಕ್ಸಿಕೋದ ಪತ್ರಕರ್ತರೇ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ ಬರೆದರು. ಪ್ರಾದೇಶಿಕ ಒಕ್ಕೂಟ ಮೊದಲು ವಿಧಿಸಿದ ಶಿಕ್ಷೆ ಕಿರಿಯರ ಟೂರ್ನಿಗೆ ಸೀಮಿತವಾಗಿತ್ತು, ಪದಾಧಿಕಾರಿಗಳಿಗೆ ಆಜೀವ ನಿಷೇಧವಿತ್ತು. ಮೆಕ್ಸಿಕೋ ಫೆಡರೇಶನ್ ತಪ್ಪೊಪ್ಪಿಕೊಳ್ಳದೆ ಫಿಫಾಕ್ಕೆ ಮೇಲ್ಮನವಿ ಹೋಯಿತು. 1988ರ ಜೂನ್ 30ರಂದು ಬಂದ ತೀರ್ಪು ಶಿಕ್ಷೆಯನ್ನು ಹಿಗ್ಗಿಸಿ, ದೇಶದ ಎಲ್ಲ ತಂಡಗಳಿಗೂ ಎರಡು ವರ್ಷದ ನಿಷೇಧ ಹೇರಿತು. ಸೋಲ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದಿದ್ದ ತಂಡಕ್ಕೆ ಹೋಗಲಾಗಲಿಲ್ಲ. ಅದರ ಜಾಗಕ್ಕೆ ಗ್ವಾಟೆಮಾಲಾ ಹೋಯಿತು. 1990ರ ಇಟಲಿ ವಿಶ್ವಕಪ್ಪಿನ ಬಾಗಿಲೂ ಮುಚ್ಚಿತು. ಎರಡೇ ವರ್ಷದ ಹಿಂದೆ ತನ್ನ ನೆಲದಲ್ಲಿ ವಿಶ್ವಕಪ್ ನಡೆಸಿ ಕ್ವಾರ್ಟರ್ ಫೈನಲ್ ತಲುಪಿದ್ದ ದೇಶ ಅದು.

ಈ ಶಿಕ್ಷೆಯ ಭಾರ ಯಾರ ಮೇಲೆ ಬಿತ್ತು ಎಂದು ಕೇಳಿಕೊಳ್ಳಬೇಕು. ಮೆಕ್ಸಿಕೋದ ಹ್ಯೂಗೋ ಸಾಂಚೆಜ್ 1989-90ರ ಋತುವಿನಲ್ಲಿ ರಿಯಲ್ ಮ್ಯಾಡ್ರಿಡ್ ಪರ ಸ್ಪೇನ್ ಲೀಗಿನಲ್ಲಿ 38 ಗೋಲು ಹೊಡೆದು ಯೂರೋಪಿನ ಅಗ್ರ ಗೋಲುಗಾರರ ಪ್ರಶಸ್ತಿಯನ್ನು ಹಂಚಿಕೊಂಡರು. ತಮ್ಮ ಆಟದ ಶಿಖರದಲ್ಲಿದ್ದ ಅವರಿಗೆ, ಗ್ವಾಟೆಮಾಲಾದ ಆ ತಂಡಕ್ಕೆ ಯಾವ ಸಂಬಂಧವೂ ಇಲ್ಲದಿದ್ದರೂ, ಆ ಬೇಸಿಗೆಯ ವಿಶ್ವಕಪ್ ಆಡಲಾಗಲಿಲ್ಲ. ಸುಳ್ಳು ಪಟ್ಟಿ ಬರೆದವರು ಕಚೇರಿಯಲ್ಲಿದ್ದವರು, ಬೆಲೆ ತೆತ್ತವರು ಒಂದಿಡೀ ಪೀಳಿಗೆಯ ಆಟಗಾರರು. ಇಷ್ಟು ಕಠಿಣ ಶಿಕ್ಷೆ ಇಲ್ಲದಿದ್ದರೆ ಯಾರೂ ಹೆದರುವುದಿಲ್ಲ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಒಂದು ಫೆಡರೇಶನ್‌ಗೆ ತಾನು ನಡೆಸುವ ಇಡೀ ಆಟವೇ ಕೈತಪ್ಪೀತು ಎಂಬ ಭಯವಿದ್ದರೆ ಪಟ್ಟಿಗೆ ಸಹಿ ಹಾಕುವ ಮುನ್ನ ಯೋಚಿಸುತ್ತದೆ. ಆದರೆ ಮುಂದಿನ ಇತಿಹಾಸ ಈ ವಾದವನ್ನು ಪೂರ್ತಿಯಾಗಿ ಎತ್ತಿಹಿಡಿಯುವುದಿಲ್ಲ. 1989ರಲ್ಲಿ ನೈಜೀರಿಯಾದ ಮೂವರು ಆಟಗಾರರು ಸೋಲ್ ಒಲಿಂಪಿಕ್ಸ್‌ಗೆ ಕೊಟ್ಟ ಜನ್ಮ ದಿನಾಂಕ ಹಿಂದಿನ ಟೂರ್ನಿಗಳಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗಿದೆ ಎಂದು ಆ ದೇಶದ ಕಿರಿಯರ ತಂಡಗಳ ಮೇಲೆ ಎರಡು ವರ್ಷದ ನಿಷೇಧ ಬಿತ್ತು. 1991ರ ಯುವ ಚಾಂಪಿಯನ್‌ಷಿಪ್ಪಿನ ಆತಿಥ್ಯವನ್ನು ಕಿತ್ತುಕೊಂಡು ಪೋರ್ಚುಗಲ್‌ಗೆ ಕೊಡಲಾಯಿತು. ಮೂವತ್ತು ವರ್ಷ ಕಳೆದ ಮೇಲೆ, 2019ರಲ್ಲಿ, ಗಿನಿ ದೇಶ 17 ವರ್ಷದೊಳಗಿನವರ ಆಫ್ರಿಕಾ ಕಪ್ಪಿನಲ್ಲಿ ಫೈನಲ್ ತಲುಪಿಯೂ ಅನರ್ಹಗೊಂಡಿತು. ಅದರ ಇಬ್ಬರು ಆಟಗಾರರು ಎರಡು ವರ್ಷ ಮೊದಲು ಜಪಾನಿನಲ್ಲಿ ಆಡಿದ ಟೂರ್ನಿಯೊಂದರಲ್ಲಿ ಬೇರೆ ಜನ್ಮ ದಿನಾಂಕ ಬರೆಸಿದ್ದರು. ದೂರು ಕೊಟ್ಟ ಸೆನೆಗಲ್, ಗಿನಿಯ ಬದಲಿಗೆ ಬ್ರೆಜಿಲ್‌ನಲ್ಲಿ ನಡೆದ ಅದೇ ವಯೋಗುಂಪಿನ ವಿಶ್ವಕಪ್ಪಿಗೆ ಹೋಯಿತು. ಮೂರೂ ಪ್ರಕರಣಗಳಲ್ಲಿ ಸಿಕ್ಕಿಬಿದ್ದ ಬಗೆ ಒಂದೇ: ಒಂದೇ ಹುಡುಗನಿಗೆ ಎರಡು ಕಾಗದದಲ್ಲಿ ಎರಡು ಹುಟ್ಟುಹಬ್ಬ. ಅಷ್ಟು ದೊಡ್ಡ ಶಿಕ್ಷೆಯನ್ನು ಕಂಡ ಮೇಲೂ ಅದೇ ತಪ್ಪು ಮರುಕಳಿಸಿದೆ ಎಂದರೆ, ಶಿಕ್ಷೆಯ ಗಾತ್ರ ಸಾಲದು. ಅದು ಸರಿಯಾದ ಜಾಗಕ್ಕೆ ತಟ್ಟಬೇಕು, ತಪ್ಪು ನಡೆಯುವ ಮೊದಲೇ ತಡೆಯುವ ವ್ಯವಸ್ಥೆಯೂ ಇರಬೇಕು.

ಆ ವ್ಯವಸ್ಥೆಯೇ ನನ್ನ ಎರಡನೆಯ ಭಾಗ. ಮೊದಲು ದಾಖಲೆಯ ಮಾತು. ತಪ್ಪು ಜನ್ಮ ದಿನಾಂಕವೆಲ್ಲ ಮೋಸವಲ್ಲ ಎಂಬುದು ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ನಮ್ಮ ಹಳ್ಳಿಗಳಲ್ಲಿ ಒಂದು ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಆ ಒಂದು ದಿನ ಹುಟ್ಟುಹಬ್ಬ ಇರುವ ಹಿರಿಯರು ಇಂದಿಗೂ ಪ್ರತಿ ಊರಿನಲ್ಲೂ ಸಿಗುತ್ತಾರೆ. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲೇ ಬಂದರೂ ನೋಂದಣಿ ರೂಢಿಯಾಗಲು ದಶಕಗಳೇ ಹಿಡಿದವು. ಇದು ನಮ್ಮ ದೇಶವೊಂದರ ಕಥೆಯಲ್ಲ. ಐದು ವರ್ಷದೊಳಗಿನ ಮಕ್ಕಳಲ್ಲಿ ಜಗತ್ತಿನಾದ್ಯಂತ ಸುಮಾರು ನಾಲ್ಕರಲ್ಲಿ ಒಬ್ಬರ, ಅಂದರೆ 16.6 ಕೋಟಿ ಮಕ್ಕಳ, ಜನನ ನೋಂದಣಿಯೇ ಆಗಿಲ್ಲ ಎಂದು ಯುನಿಸೆಫ್ 2019ರಲ್ಲಿ ಹೇಳಿತು. ಹೀಗಿರುವಾಗ ಪಾಸ್‌ಪೋರ್ಟ್ ತೋರಿಸು ಎನ್ನುವುದಷ್ಟೇ ಪರಿಹಾರವಲ್ಲ. ಪಾಸ್‌ಪೋರ್ಟ್ ತನ್ನ ಕೆಳಗಿರುವ ದಾಖಲೆಯಷ್ಟೇ ನಿಜ.

ದಾಖಲೆ ಕೈಕೊಟ್ಟಲ್ಲಿ ಫಿಫಾ ಎಲುಬಿನ ಮೊರೆ ಹೋಯಿತು. ಮುಂಗೈಯ ದಪ್ಪ ಎಲುಬು ಮಣಿಕಟ್ಟನ್ನು ಸೇರುವ ತುದಿಯ ಬಳಿ ಬೆಳೆಯುವ ವಯಸ್ಸಿನಲ್ಲಿ ಮೃದ್ವಸ್ಥಿಯ ತೆಳು ಪದರವೊಂದಿರುತ್ತದೆ. ಎಲುಬು ಉದ್ದವಾಗುವುದು ಆ ಪದರದಿಂದ. ಬೆಳವಣಿಗೆ ಮುಗಿಯುತ್ತ ಬಂದಂತೆ ಪದರ ಸ್ವಲ್ಪ ಸ್ವಲ್ಪವಾಗಿ ಗಟ್ಟಿಯಾಗಿ ಕೊನೆಗೆ ಎಲುಬಿನೊಳಗೇ ಬೆಸೆದುಹೋಗುತ್ತದೆ. ಫಿಫಾದ ವೈದ್ಯಕೀಯ ಮುಖ್ಯಸ್ಥರಾಗಿದ್ದ ಯಿರಿ ದ್ವೋರಾಕ್ ಮತ್ತು ಸಂಗಡಿಗರು ಸ್ವಿಟ್ಜರ್‌ಲೆಂಡ್, ಮಲೇಷ್ಯಾ, ಅಲ್ಜೀರಿಯಾ, ಅರ್ಜೆಂಟೀನಾಗಳ 14ರಿಂದ 19 ವರ್ಷದ 496 ಹುಡುಗರ ಮಣಿಕಟ್ಟನ್ನು ಎಂಆರ್‌ಐ ಯಂತ್ರದಲ್ಲಿ ಚಿತ್ರಿಸಿ, ಬೆಸುಗೆಯನ್ನು ಆರು ಹಂತಗಳಾಗಿ ವಿಂಗಡಿಸಿ 2007ರಲ್ಲಿ ಪ್ರಕಟಿಸಿದರು. ಪೂರ್ತಿ ಬೆಸೆದ ಆರನೆಯ ಹಂತ 17 ದಾಟದ ಹುಡುಗರಲ್ಲಿ ನೂರಕ್ಕೆ ಒಬ್ಬರಲ್ಲೂ ಕಾಣುವುದು ಅಪರೂಪ ಎಂಬುದು ಅವರ ಮುಖ್ಯ ಫಲಿತಾಂಶ. ಎಕ್ಸ್-ರೇಯಂತೆ ವಿಕಿರಣದ ಭಯ ಇಲ್ಲದ್ದರಿಂದ ಆರೋಗ್ಯವಂತ ಹುಡುಗರ ಮೇಲೆ ಈ ಪರೀಕ್ಷೆ ನಡೆಸಲು ನೈತಿಕ ಅಡ್ಡಿಯೂ ಕಡಿಮೆ. 2009ರಲ್ಲಿ ನೈಜೀರಿಯಾದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪಿನಿಂದ ಇದು ಜಾರಿಗೆ ಬಂತು. ಇದರ ನಿಜವಾದ ಪ್ರಯೋಜನ ಟೂರ್ನಿಯ ಅಂಗಳದಲ್ಲಿ ಕಾಣುವುದಕ್ಕಿಂತ ತಂಡ ಹೊರಡುವ ಮುನ್ನ, ಊರಲ್ಲೇ, ಕಾಣುತ್ತದೆ. 2023ರ ಜನವರಿಯ ಅರ್ಹತಾ ಟೂರ್ನಿಗೆ ಮುನ್ನ ಕ್ಯಾಮರೂನ್ ಫೆಡರೇಶನ್, ಅಧ್ಯಕ್ಷ ಸ್ಯಾಮುಯೆಲ್ ಎಟೊ ಅವರ ಆದೇಶದಂತೆ ತನ್ನ 30 ಹುಡುಗರನ್ನು ಪರೀಕ್ಷಿಸಿದಾಗ 21 ಮಂದಿ ಹೊರಬಿದ್ದರು. ಹೊರಗಿನವರು ದೂರುವ ಮೊದಲೇ ಆ ಫಲಿತಾಂಶವನ್ನು ಬಹಿರಂಗವಾಗಿ ಹೇಳಿದ್ದು ಮೆಚ್ಚಬೇಕಾದ ನಡೆ.

ಈ ಪರೀಕ್ಷೆಗೆ ಎರಡು ಆಕ್ಷೇಪಗಳಿವೆ. ಒಂದು, ಬೇಗ ಬೆಳೆಯುವ ನಿರಪರಾಧಿ ಹುಡುಗ ಸಿಕ್ಕಿಬೀಳಬಹುದು. ಪರೀಕ್ಷೆಯ ಗೆರೆಯನ್ನು ಬೇಕೆಂದೇ ಆಟಗಾರನ ಪರವಾಗಿ ಎಳೆದಿದೆ. ಎಲುಬು ಪೂರ್ತಿ ಬೆಸೆದಿರದ ಹದಿನೆಂಟರ ಹುಡುಗ ಪಾರಾಗಬಹುದು, ಹದಿನಾರರ ಹುಡುಗ ಸಿಕ್ಕಿಬೀಳುವ ಸಂಭವ ತೀರ ಕಡಿಮೆ. ಆದರೂ ಶೇಕಡಾ ಒಂದಕ್ಕಿಂತ ಕಡಿಮೆ ಎಂಬುದು ಸೊನ್ನೆಯಲ್ಲ. ಆ ಒಬ್ಬ ಹುಡುಗನಿಗೆ ಮರುಪರಿಶೀಲನೆ ಕೇಳುವ ಹಕ್ಕು ಇರಬೇಕು, ಅವನ ಹೆಸರು ಪತ್ರಿಕೆಗೆ ಹೋಗಬಾರದು. ಬಾಲಕಿಯರ ಎಲುಬು ಇನ್ನೂ ಬೇಗ ಬೆಸೆಯುವುದರಿಂದ ಈ ಅಳತೆಯನ್ನು ಅವರಿಗೆ ಹಾಗೇ ಅನ್ವಯಿಸಲು ಬರುವುದಿಲ್ಲ. 20ರ ವಯೋಮಿತಿಗೂ ಇದು ಉಪಯೋಗವಿಲ್ಲ. ಆದ್ದರಿಂದ ಯಂತ್ರವನ್ನು ಕೊನೆಯ ಮಾತೆಂದು ನಂಬುವುದೂ ತಪ್ಪು. ಎರಡನೆಯ ಆಕ್ಷೇಪ ಹೆಚ್ಚು ಭಾರವಾದದ್ದು. ಬಡ ಮನೆಯ ಹುಡುಗನಿಗೆ ಯೂರೋಪಿನ ಕ್ಲಬ್ಬಿನ ಕಣ್ಣಿಗೆ ಬೀಳಲು ಇರುವ ಏಕೈಕ ಕಿಟಕಿ ಈ ಟೂರ್ನಿ. ಎರಡು ವರ್ಷ ಕಡಿಮೆ ಮಾಡಿದ್ದರಿಂದ ಒಂದು ಸಂಸಾರ ದಡ ಸೇರುವುದಾದರೆ ಅವನನ್ನು ಕಳ್ಳನೆನ್ನಬೇಕೇ ಎಂದು ಕೇಳುತ್ತಾರೆ. ಹುಡುಗನನ್ನು ಕಳ್ಳನೆನ್ನಬೇಡಿ ಎಂದು ನಾನೂ ಹೇಳುತ್ತೇನೆ. ಆದರೆ ಅವನು ತುಂಬಿದ ಜಾಗದಲ್ಲಿ ಇರಬೇಕಾಗಿದ್ದವನೂ ಅದೇ ಊರಿನ, ಅಷ್ಟೇ ಬಡವನಾದ, ನಿಜವಾಗಿಯೂ ಹದಿನಾರರ ಹುಡುಗ. ವಯೋವಂಚನೆ ಶ್ರೀಮಂತರಿಂದ ಕಿತ್ತು ಬಡವರಿಗೆ ಕೊಡುವುದಿಲ್ಲ; ಒಬ್ಬ ಬಡ ಹುಡುಗನ ಪಾಲನ್ನು ಇನ್ನೊಬ್ಬನಿಗೆ ದಾಟಿಸುತ್ತದೆ, ನಡುವೆ ನಿಂತ ದಲ್ಲಾಳಿಗೆ ಲಾಭ ತರುತ್ತದೆ.

ಇಲ್ಲಿಂದ ಮೂರನೆಯ ಭಾಗವಾದ ಆಯ್ಕೆಗೆ ಹೊರಳುತ್ತೇನೆ. ಎಲ್ಲ ಹುಡುಗರ ವಯಸ್ಸೂ ನಿಜವೇ ಎಂದಿಟ್ಟುಕೊಳ್ಳೋಣ. ಆಗಲೂ ಒಂದು ಅನ್ಯಾಯ ಉಳಿಯುತ್ತದೆ. ಫಿಫಾದ ವಯೋಮಿತಿ ಜನವರಿ 1ರಿಂದ ಲೆಕ್ಕ. ಒಂದೇ ವರ್ಷದ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನಲ್ಲಿ ಹುಟ್ಟಿದವನಿಗಿಂತ ಹನ್ನೊಂದು ತಿಂಗಳಿಗೆ ದೊಡ್ಡವನು. ಹದಿನಾಲ್ಕು, ಹದಿನೈದರ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಎಂದರೆ ಹಲವೊಮ್ಮೆ ಎತ್ತರದಲ್ಲಿ ಕಣ್ಣಿಗೆ ಕಾಣುವ ಅಂತರ. ಬೆಲ್ಜಿಯಂನ ವರ್ನರ್ ಹೆಲ್ಸೆನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವು ಯೂರೋಪಿನ ದೇಶಗಳ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ಎದ್ದು ಕಾಣುವಷ್ಟು ಹೆಚ್ಚಿದ್ದಾರೆ ಎಂದು ತೋರಿಸಿತು. ಪ್ರತಿಭೆ ತಿಂಗಳು ನೋಡಿ ಹುಟ್ಟುವುದಿಲ್ಲ. ಆಯ್ಕೆಗಾರರು ಪ್ರತಿಭೆ ಎಂದುಕೊಂಡು ದೇಹದ ಬಲಿತನವನ್ನು ಆರಿಸುತ್ತಿದ್ದಾರೆ ಎಂದೇ ಇದರ ಅರ್ಥ. ವಯೋವಂಚನೆ ಮಾಡುವ ಫೆಡರೇಶನ್ ಕಾನೂನು ಮುರಿದು ಮಾಡುವುದನ್ನೇ ಪ್ರಾಮಾಣಿಕ ಆಯ್ಕೆಗಾರ ಕಾನೂನಿನ ಒಳಗೆ, ತನಗೇ ತಿಳಿಯದೆ, ಮಾಡುತ್ತಾನೆ. ಇಬ್ಬರೂ ನಾಳೆಯ ಆಟಗಾರನನ್ನು ಬಿಟ್ಟು ಇಂದಿನ ಗಟ್ಟಿಗನನ್ನು ಹುಡುಕುತ್ತಾರೆ. ಬೆಲ್ಜಿಯಂ ಇದಕ್ಕೊಂದು ಉತ್ತರ ಕಂಡುಕೊಂಡಿತು. ತಡವಾಗಿ ಬೆಳೆಯುವ ಹುಡುಗರಿಗಾಗಿಯೇ ರಾಷ್ಟ್ರಮಟ್ಟದ ಪ್ರತ್ಯೇಕ ತಂಡ ಕಟ್ಟಿ, ಅವರಿಗೂ ಅಂತರರಾಷ್ಟ್ರೀಯ ಪಂದ್ಯ ಆಡಿಸುವ ಏರ್ಪಾಡು ಮಾಡಿತು.

ಗೆಲ್ಲದಿದ್ದರೆ ಆಟಗಾರರು ಕಲಿಯುವುದೇನು, ಗೆಲುವಿನ ರುಚಿಯೂ ಶಿಕ್ಷಣವಲ್ಲವೇ ಎಂಬ ಪ್ರಶ್ನೆ ಇಲ್ಲಿ ಸಹಜ. ಗೆಲ್ಲಲು ಆಡಬೇಕು, ಅನುಮಾನವಿಲ್ಲ. ಲೂಯಿಸ್ ಫಿಗೊ, ರುಯಿ ಕೋಸ್ತಾ ಇದ್ದ ಪೋರ್ಚುಗಲ್ 1991ರಲ್ಲಿ ಲಿಸ್ಬನ್‌ನಲ್ಲಿ ಯುವ ಚಾಂಪಿಯನ್ ಆಯಿತು; ಮುಂದೆ ಅದೇ ಪೀಳಿಗೆ ಆ ದೇಶದ ಫುಟ್‌ಬಾಲನ್ನು ಎತ್ತರಕ್ಕೊಯ್ದಿತು. ಆದರೆ ಟ್ರೋಫಿಯನ್ನೇ ಅಭಿವೃದ್ಧಿಯ ಪುರಾವೆ ಮಾಡಿಕೊಂಡರೆ ಲೆಕ್ಕ ತಪ್ಪುತ್ತದೆ. ನೈಜೀರಿಯಾ ಈ ಕಿರಿಯರ ವಿಶ್ವಕಪ್ಪನ್ನು 1985, 1993, 2007, 2013, 2015ರಲ್ಲಿ, ಒಟ್ಟು ಐದು ಬಾರಿ ಗೆದ್ದಿದೆ. ಹಿರಿಯರ ವಿಶ್ವಕಪ್ಪಿನಲ್ಲಿ ಅದು ಕೊನೆಯ ಹದಿನಾರರ ಘಟ್ಟ ದಾಟಿಲ್ಲ. ಹಿರಿಯರ ವಿಶ್ವಕಪ್ಪನ್ನು ನಾಲ್ಕು ಬಾರಿ ಗೆದ್ದ ಜರ್ಮನಿ, 17ರೊಳಗಿನವರ ಕಪ್ ಗೆದ್ದದ್ದು 2023ರಲ್ಲಿ, ಮೊದಲ ಸಲ. ನಾಲ್ಕು ಬಾರಿಯ ಚಾಂಪಿಯನ್ ಇಟಲಿ ಅದನ್ನು ಒಮ್ಮೆಯೂ ಗೆದ್ದಿಲ್ಲ, ಅರ್ಜೆಂಟೀನಾವೂ ಗೆದ್ದಿಲ್ಲ. ಇದಕ್ಕೆ ಹಣ, ಲೀಗು, ಆಡಳಿತ ಮುಂತಾದ ಕಾರಣಗಳೂ ಇವೆ. ಆದರೂ ಹದಿನಾರರಲ್ಲಿ ಸಿಕ್ಕ ಕಪ್ಪಿನಿಂದ ಒಂದು ದೇಶದ ಫುಟ್‌ಬಾಲನ್ನು ಅಳೆಯುವುದು, ನಾಟಿ ಮಾಡಿದ ವಾರಕ್ಕೇ ಪೈರಿನ ಎತ್ತರ ನೋಡಿ ಫಸಲಿನ ಲೆಕ್ಕ ಬರೆದಂತೆ.

ಭಾರತದ ಅನುಭವವನ್ನು ಈ ಬೆಳಕಿನಲ್ಲಿ ನೋಡಬೇಕು. 2017ರ ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಮ್ಮ ದೇಶದಲ್ಲಿ ನಡೆಯಿತು. ದೆಹಲಿ, ಕೋಲ್ಕತ್ತ, ಕೊಚ್ಚಿ, ಗೋವಾ, ಗುವಾಹಟಿ, ನವಿ ಮುಂಬೈಗಳಲ್ಲಿ ಒಟ್ಟು 13,47,133 ಪ್ರೇಕ್ಷಕರು ಪಂದ್ಯ ನೋಡಿದರು. ಈ ಟೂರ್ನಿಯ ಚರಿತ್ರೆಯಲ್ಲಿ ಅಲ್ಲಿಯವರೆಗೆ ಅಷ್ಟು ಜನ ಸೇರಿದ್ದಿಲ್ಲ. ಭಾರತದ ತಂಡ ಅಮೆರಿಕ, ಕೊಲಂಬಿಯಾ, ಘಾನಾ ಮೂರಕ್ಕೂ ಸೋತಿತು. ಟೂರ್ನಿಗೆ ಕೆಲವೇ ತಿಂಗಳಿರುವಾಗ ಆಟಗಾರರ ದೂರಿನ ನಂತರ ಜರ್ಮನಿಯ ಕೋಚ್ ನಿಕೊಲಾಯ್ ಆಡಂ ಹೋಗಿ ಪೋರ್ಚುಗಲ್‌ನ ಲೂಯಿಸ್ ನಾರ್ಟನ್ ಡಿ ಮಾಟೋಸ್ ಬಂದಿದ್ದರು. ಸೋಲನ್ನೇ ಎತ್ತಿ ಆಡಿ, ಇಷ್ಟು ಖರ್ಚು ಮಾಡಿ ಏನು ಬಂತು ಎಂದವರು ಹಲವರು. ಆದರೆ ಕೊಲಂಬಿಯಾ ವಿರುದ್ಧದ ಪಂದ್ಯದ 82ನೆಯ ನಿಮಿಷವನ್ನು ಗಮನಿಸಿ. ಬೆಂಗಳೂರಿನ ಸಂಜೀವ್ ಸ್ಟಾಲಿನ್ ಕಾರ್ನರ್ ಕಿಕ್ ತೆಗೆದರು. ಮಣಿಪುರದ ಜೀಕ್ಸನ್ ಸಿಂಗ್ ಎತ್ತರಕ್ಕೆ ನೆಗೆದು ತಲೆಯಿಂದ ಚೆಂಡನ್ನು ಬಲೆಗೆ ಕಳುಹಿಸಿದರು. ಫಿಫಾ ವಿಶ್ವಕಪ್ ಟೂರ್ನಿಯೊಂದರಲ್ಲಿ ಭಾರತದ ಮೊದಲ ಗೋಲು ಅದು. ಮರುನಿಮಿಷವೇ ಎದುರಾಳಿಗಳು ಇನ್ನೊಂದು ಗೋಲು ಹೊಡೆದು ಪಂದ್ಯ ಗೆದ್ದರು. ಜೀಕ್ಸನ್ ಮುಂದೆ ಹಿರಿಯರ ರಾಷ್ಟ್ರೀಯ ತಂಡಕ್ಕೆ ಆಡಿದರು. ಕಿರಿಯರ ತಂಡವೊಂದನ್ನು ಕಳುಹಿಸಿದ್ದಕ್ಕೆ ಕೇಳಬೇಕಾದ ಲೆಕ್ಕ ಇದು: ಎಷ್ಟು ಹುಡುಗರು ಐದು ವರ್ಷದ ನಂತರವೂ ಆಟದಲ್ಲಿದ್ದಾರೆ, ಎಷ್ಟು ಮಂದಿ ಮೇಲಿನ ಮೆಟ್ಟಿಲು ಹತ್ತಿದರು, ಉಳಿದವರ ಓದು ಏನಾಯಿತು.

ಕ್ರಿಕೆಟ್ಟಿನಿಂದಲೂ ಒಂದು ಪಾಠವಿದೆ, ಅದನ್ನು ಕೊಟ್ಟವರು ಬೆಂಗಳೂರಿನ ರಾಹುಲ್ ದ್ರಾವಿಡ್. 19 ವರ್ಷದೊಳಗಿನವರ ತಂಡದ ಕೋಚ್ ಆಗಿದ್ದಾಗ, 2015ರ ಡಿಸೆಂಬರ್‌ನಲ್ಲಿ, ದೆಹಲಿಯ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಅವರು ವಯೋವಂಚನೆಯನ್ನು ಆಟಕ್ಕೆ ತಗುಲಿದ ವಿಷವೆಂದು ಕಂಡು ಕಟುವಾಗಿ ಮಾತಾಡಿದರು. ತಂದೆ ತಾಯಿ, ಕೋಚ್ ಸೇರಿ ತನ್ನ ಜನ್ಮ ದಿನಾಂಕ ತಿದ್ದುವುದನ್ನು ಕಂಡ ಮಗು ಮೋಸವನ್ನೇ ಮೊದಲ ಪಾಠವಾಗಿ ಕಲಿಯುತ್ತದೆ ಎಂಬುದು ಅವರ ಕಾಳಜಿ. ಮರುವರ್ಷ ಕ್ರಿಕೆಟ್ ಮಂಡಳಿ, ಒಬ್ಬ ಆಟಗಾರ 19ರೊಳಗಿನವರ ವಿಶ್ವಕಪ್ಪನ್ನು ಒಂದೇ ಬಾರಿ ಆಡಬಹುದು ಎಂಬ ನಿಯಮ ತಂದಿತು. ಅನುಭವಿಯನ್ನು ಮತ್ತೆ ಕಳುಹಿಸಿದರೆ ಕಪ್ ಗೆಲ್ಲುವುದು ಸುಲಭವಾಗಬಹುದು. ಹೊಸಬನಿಗೆ ಜಾಗ ಕೊಡುವುದು ಅದಕ್ಕಿಂತ ದೊಡ್ಡದು ಎಂದು ಒಂದು ಸಂಸ್ಥೆ ಲಿಖಿತವಾಗಿ ಒಪ್ಪಿಕೊಂಡ ನಿದರ್ಶನವಿದು.

ಇನ್ನು ನಾಲ್ಕನೆಯ ಹಾಗೂ ಕೊನೆಯ ಭಾಗ: ಹುಡುಗ ಯಾರವನು? ಹಿರಿಯರ ಅಧಿಕೃತ ಪಂದ್ಯಗಳಿಗೆ ಕ್ಲಬ್ಬುಗಳು ಆಟಗಾರರನ್ನು ಬಿಟ್ಟುಕೊಡಲೇಬೇಕು. ಕಿರಿಯರ ಟೂರ್ನಿಗಳಿಗೆ ಆ ಕಡ್ಡಾಯವಿಲ್ಲ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ, ಅಂದರೆ 23 ವರ್ಷದೊಳಗಿನವರ ಟೂರ್ನಿಗೆ, ಆಟಗಾರರನ್ನು ಬಿಡಬೇಕಾದ ಬಾಧ್ಯತೆ ತಮಗಿಲ್ಲ ಎಂದು ಬಾರ್ಸಿಲೋನಾ, ಶಾಲ್ಕೆ, ವೆರ್ಡರ್ ಬ್ರೆಮೆನ್ ಕ್ಲಬ್ಬುಗಳು ಕ್ರೀಡಾ ನ್ಯಾಯಮಂಡಳಿಯಲ್ಲಿ ವಾದಿಸಿ ಗೆದ್ದವು. ಗೆದ್ದ ಮೇಲೂ ಬಾರ್ಸಿಲೋನಾ ಮೆಸ್ಸಿಯನ್ನು ಆಡಲು ಬಿಟ್ಟಿತು, ಅರ್ಜೆಂಟೀನಾ ಚಿನ್ನ ಗೆದ್ದಿತು. 2017ರ ಭಾರತದ ಟೂರ್ನಿಗೆ ಬ್ರೆಜಿಲ್‌ನ ವಿನೀಷಿಯಸ್ ಜೂನಿಯರ್‌ನನ್ನು ಫ್ಲಮೆಂಗೊ ಕ್ಲಬ್ ಕಳುಹಿಸಲಿಲ್ಲ. ಇಂಗ್ಲೆಂಡಿನ ಜೇಡನ್ ಸಾಂಚೊನನ್ನು ಬೊರುಸಿಯಾ ಡಾರ್ಟ್‌ಮುಂಡ್ ಗುಂಪು ಹಂತಕ್ಕಷ್ಟೇ ಬಿಟ್ಟು ವಾಪಸು ಕರೆಸಿಕೊಂಡಿತು. ಸಂಗಡಿಗರು ಕೋಲ್ಕತ್ತದಲ್ಲಿ ಸ್ಪೇನನ್ನು 5-2ರಿಂದ ಸೋಲಿಸಿ ಕಪ್ ಎತ್ತುವಾಗ ಅವನಿರಲಿಲ್ಲ. ಕ್ಲಬ್ಬಿನ ಪರವಾದ ವಾದ ಸುಳ್ಳಲ್ಲ: ಸಂಬಳ ಕೊಡುವವರು ಅವರು, ಗಾಯವಾದರೆ ನಷ್ಟವೂ ಅವರದು, ಹಿರಿಯರ ಲೀಗಿನಲ್ಲಿ ಆಡುವುದೇ ಹುಡುಗನಿಗೆ ಹೆಚ್ಚು ಕಲಿಸಬಹುದು. ಹಾಗೆಂದು ಕ್ಲಬ್ಬಿಗೋ ದೇಶಕ್ಕೋ ಪೂರ್ತಿ ಹಕ್ಕು ಬರೆದುಕೊಡಬೇಕಿಲ್ಲ. ಟೂರ್ನಿಗೆ ಮೊದಲೇ, ಹುಡುಗ ಮತ್ತು ಅವನ ಹೆತ್ತವರನ್ನು ಕೂರಿಸಿಕೊಂಡು, ಎಷ್ಟು ಪಂದ್ಯ, ಯಾವ ದಿನದವರೆಗೆ, ಗಾಯವಾದರೆ ಚಿಕಿತ್ಸೆ ಯಾರದು ಎಂದು ಬರೆದಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ನಡುದಾರಿಯಲ್ಲಿ ಕರೆಸಿಕೊಳ್ಳುವುದು ಮಾತ್ರ ಯಾರಿಗೂ ಒಳ್ಳೆಯದಲ್ಲ.

ಕ್ಲಬ್ಬಿಗಿಂತ ಬಲವಾದ ಕೈ ರಾಜಕೀಯದ್ದು. 20ರೊಳಗಿನವರ 2023ರ ವಿಶ್ವಕಪ್ ಇಂಡೊನೇಷ್ಯಾದಲ್ಲಿ ನಡೆಯಬೇಕಿತ್ತು. ಅರ್ಹತೆ ಪಡೆದಿದ್ದ ಇಸ್ರೇಲ್ ತಂಡ ಬರಕೂಡದು ಎಂಬ ಕೂಗೆದ್ದಿತು, ಬಾಲಿಯ ಗವರ್ನರ್ ಅದಕ್ಕೆ ದನಿಗೂಡಿಸಿದರು, ಮಾರ್ಚ್ 29ರಂದು ಫಿಫಾ ಆತಿಥ್ಯವನ್ನೇ ಹಿಂತೆಗೆದುಕೊಂಡು ನಂತರ ಅರ್ಜೆಂಟೀನಾಕ್ಕೆ ಕೊಟ್ಟಿತು. ಪ್ಯಾಲೆಸ್ತೀನ್ ಕುರಿತ ಇಂಡೊನೇಷ್ಯಾದ ಜನರ ನೋವು ಪ್ರಾಮಾಣಿಕವಾದದ್ದು. ಅದನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಆದರೆ ಫಲವಾಗಿ ಆಡುವ ಅವಕಾಶ ಕಳೆದುಕೊಂಡವರು ಇಂಡೊನೇಷ್ಯಾದ ಹುಡುಗರೇ. ಆತಿಥೇಯರಾಗಿ ಮಾತ್ರ ಅವರಿಗೆ ಆ ಸ್ಥಾನ ಸಿಕ್ಕಿತ್ತು. ಇಸ್ರೇಲ್ ತಂಡ ಅರ್ಜೆಂಟೀನಾದಲ್ಲಿ ಆಡಿ ಮೂರನೆಯ ಸ್ಥಾನ ಪಡೆಯಿತು. ನಮ್ಮ ಬಾಲಕಿಯರಿಗೂ ಇಂಥದೇ ಆತಂಕ ಎದುರಾಗಿತ್ತು. 2022ರ ಅಕ್ಟೋಬರ್‌ನಲ್ಲಿ 17ರೊಳಗಿನ ಬಾಲಕಿಯರ ವಿಶ್ವಕಪ್ ಭಾರತದಲ್ಲಿ ನಿಗದಿಯಾಗಿತ್ತು. ಆಡಳಿತದಲ್ಲಿ ಹೊರಗಿನವರ ಹಸ್ತಕ್ಷೇಪವೆಂದು ಫಿಫಾ ಆಗಸ್ಟ್ 16ರಂದು ನಮ್ಮ ಫೆಡರೇಶನ್ನನ್ನು ಅಮಾನತು ಮಾಡಿ 26ರಂದು ತೆರವುಗೊಳಿಸಿತು. ಅದಕ್ಕೂ ಮೊದಲು, ಅದೇ ತಂಡ ಯೂರೋಪ್ ಪ್ರವಾಸದಲ್ಲಿದ್ದಾಗ, ಸಹಾಯಕ ಕೋಚ್ ಒಬ್ಬರನ್ನು ದುರ್ವರ್ತನೆಯ ದೂರಿನ ಮೇಲೆ ವಾಪಸು ಕರೆಸಿ ಕೆಲಸದಿಂದ ತೆಗೆಯಲಾಗಿತ್ತು. ತಂಡವನ್ನು ಕಳುಹಿಸುವುದೆಂದರೆ ಇತರರ ಮಕ್ಕಳನ್ನು ಮನೆಯಿಂದ ಸಾವಿರಾರು ಮೈಲಿ ದೂರಕ್ಕೆ ಕರೆದೊಯ್ಯುವುದು. ಅವರ ಸುರಕ್ಷತೆ ಆಟದ ಯೋಜನೆಗಿಂತ ಮೊದಲಿನ ಹೊಣೆ.

ಇಷ್ಟನ್ನು ಒಟ್ಟುಗೂಡಿಸಿ, ಮುಂದೆ ಆಗಬೇಕಾದ ಕೆಲಸಗಳನ್ನು ಹೇಳಿ ಮುಗಿಸುತ್ತೇನೆ. ವಯಸ್ಸಿನ ಪರಿಶೀಲನೆ ತಂಡ ಹೊರಡುವ ಹಿಂದಿನ ವಾರದ ಕೆಲಸವಾಗಬಾರದು. ಹುಡುಗ ಮೊದಲ ಸಲ ನೋಂದಣಿಯಾದ ದಿನ ಬರೆದ ಜನ್ಮ ದಿನಾಂಕವೇ ಕೊನೆಯವರೆಗೂ ಅವನೊಂದಿಗೆ ಸಾಗಬೇಕು, ಯಾರೂ ತಿದ್ದಲಾಗದಂತೆ ಶಾಲೆ, ಜಿಲ್ಲಾ ಸಂಸ್ಥೆ, ಫೆಡರೇಶನ್ ಮೂರು ಕಡೆಯೂ ಇರಬೇಕು. ಭಾರತ ಸರ್ಕಾರದ ಕ್ರೀಡಾ ವಯೋವಂಚನೆ ತಡೆ ಸಂಹಿತೆ 2010ರಿಂದಲೇ ಇದೆ. ಅದಕ್ಕೆ ಜೀವ ಬರುವುದು ತಾಲ್ಲೂಕು ಮಟ್ಟದ ಶಾಲಾ ಪಂದ್ಯಾವಳಿಯಲ್ಲಿ, ಮೊದಲ ಪಟ್ಟಿಗೆ ದೈಹಿಕ ಶಿಕ್ಷಕರು ಸಹಿ ಹಾಕುವ ಮೇಜಿನ ಮೇಲೆ. ಮೋಸ ಸಾಬೀತಾದರೆ ಪಟ್ಟಿಗೆ ಸಹಿ ಮಾಡಿದ ಪದಾಧಿಕಾರಿಗೆ ಆಜೀವ ನಿಷೇಧ, ಹುಡುಗನಿಗೆ ತನ್ನ ನಿಜವಾದ ವಯೋಗುಂಪಿನಲ್ಲಿ ಆಟ ಮುಂದುವರಿಸಲು ದಾರಿ, ಇವೆರಡೂ ಒಟ್ಟಿಗೆ ಇರಬೇಕು. ಆಯ್ಕೆಯ ಮಾನದಂಡಗಳನ್ನು ಮೊದಲೇ ಪ್ರಕಟಿಸಬೇಕು, ಆಯ್ಕೆಯಾದವರು ಯಾವ ತಿಂಗಳಲ್ಲಿ ಹುಟ್ಟಿದವರೆಂಬ ಒಟ್ಟು ಲೆಕ್ಕವನ್ನು ವರ್ಷಕ್ಕೊಮ್ಮೆ ತೆಗೆದು ನೋಡಬೇಕು. ಕಿರಿಯರ ಕೋಚ್‌ಗೆ ಬಡ್ತಿಯೋ ವಜಾವೋ ಎಂಬುದು ಒಂದು ಟೂರ್ನಿಯ ಫಲಿತಾಂಶದಿಂದ ತೀರ್ಮಾನವಾಗಬಾರದು, ಅವರು ಎಷ್ಟು ಹುಡುಗರನ್ನು ಮೇಲಕ್ಕೆ ದಾಟಿಸಿದರು ಎಂಬುದರಿಂದ ಆಗಬೇಕು. ಪ್ರವಾಸದ ಪ್ರತಿ ತಂಡದಲ್ಲೂ ಕೋಚ್‌ನ ಅಧೀನದಲ್ಲಿರದ ಮಕ್ಕಳ ರಕ್ಷಣಾ ಅಧಿಕಾರಿ ಇರಲೇಬೇಕು.

ಇದೆಲ್ಲ ಆದರ್ಶದ ಮಾತು, ಜಗತ್ತು ಗೆದ್ದವನನ್ನಷ್ಟೇ ನೆನಪಿಡುತ್ತದೆ ಎನ್ನುವವರಿದ್ದಾರೆ. ಗೆದ್ದವರನ್ನು ನೆನಪಿಡೋಣ. ಆದರೆ ಮೆಕ್ಸಿಕೋ ನಾಲ್ಕು ಹುಡುಗರ ವಯಸ್ಸು ಇಳಿಸಿ ಗಳಿಸಿದ್ದು ಒಂದು ಅರ್ಹತೆ, ಕಳೆದುಕೊಂಡದ್ದು ಒಂದು ಒಲಿಂಪಿಕ್ಸ್, ಒಂದು ವಿಶ್ವಕಪ್. ಅಪ್ರಾಮಾಣಿಕತೆ ವ್ಯವಹಾರದ ದೃಷ್ಟಿಯಿಂದಲೂ ನಷ್ಟದ ಬಾಬತ್ತು. 17 ವರ್ಷದೊಳಗಿನವರ ವಿಶ್ವಕಪ್ 2025ರಿಂದ ಪ್ರತಿ ವರ್ಷ, 48 ತಂಡಗಳೊಂದಿಗೆ ಕತಾರ್‌ನಲ್ಲಿ ನಡೆಯತೊಡಗಿದೆ. ಒಂದೊಂದು ಸಲಕ್ಕೆ ಸಾವಿರಕ್ಕೂ ಹೆಚ್ಚು ಹುಡುಗರು ದೇಶದ ಅಂಗಿ ತೊಡುತ್ತಾರೆ. ಅವಕಾಶ ಹೆಚ್ಚಿದಂತೆ ಆಮಿಷವೂ ಹೆಚ್ಚುತ್ತದೆ. ಆ ಸಾಲಿನಲ್ಲಿ ಭಾರತವೂ ನಿಲ್ಲಬೇಕು, ಕರ್ನಾಟಕದ ಹುಡುಗರು ಅದರಲ್ಲಿರಬೇಕು ಎಂದು ನಾವೆಲ್ಲ ಬಯಸುತ್ತೇವೆ. ಆ ಬಯಕೆ ನ್ಯಾಯವಾಗಿ ಈಡೇರಬೇಕಾದರೆ ಹೆತ್ತವರು, ಶಿಕ್ಷಕರು, ಕೋಚ್‌ಗಳು, ಪದಾಧಿಕಾರಿಗಳು ಯಾವ ಹುಡುಗನ ಜನ್ಮ ದಿನಾಂಕಕ್ಕೂ ಕೈ ಹಾಕುವುದಿಲ್ಲ, ತಡವಾಗಿ ಬೆಳೆಯುವ ಯಾವ ಹುಡುಗನನ್ನೂ ಗೇಟಿನಿಂದ ಹೊರಗೆ ಕಳುಹಿಸುವುದಿಲ್ಲ ಎಂದು ಇಂದೇ ನಿಶ್ಚಯಿಸಬೇಕು.